ದುಡಿಮೆಯ ನಡುವೆ ಗಣಿತ

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳನ್ನು ಕಂಡ ಶಾಲೆಯ ಇತಿಹಾಸವನ್ನು ನನಗಿಂತ ಹಿರಿಯರಾದವರು ಈಗಾಗಲೇ ಈ ವೇದಿಕೆಯಿಂದ ನಿರೂಪಿಸಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಸಮಯವನ್ನು ತೆಗೆದುಕೊಳ್ಳಲು ನಾನು ಬಯಸುವುದಿಲ್ಲ. ಈಚಿನ ಕೆಲವು ವರ್ಷಗಳಿಂದ ನಮ್ಮ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗಲೆಲ್ಲ ಕೇಳುತ್ತಿರುವ ಒಂದು ಪ್ರಶ್ನೆಯಿದೆ. ಗಿರಣಿಯ ಪ್ರಯೋಗಾಲಯದಲ್ಲಿರುವವರು, ತಿರುಪ್ಪೂರಿನ ಉಡುಪು ಕಾರ್ಖಾನೆಗಳಲ್ಲಿ ಯೋಜನಾ ವಿಭಾಗವನ್ನು ನೋಡಿಕೊಳ್ಳುವವರು, ಖಾಸಗಿ ಶಾಲೆಗಳಲ್ಲಿ ಪಾಠ ಹೇಳುವವರು, ಎಲ್ಲರೂ ಕೇಳುವುದು ಒಂದೇ: "ಟೀಚರ್, ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದಾಯಿತು. ಈಗ ಕೆಲಸ ಬಿಡದೆ ಅನ್ವಯಿಕ ಗಣಿತದಲ್ಲಿ ಎಂ.ಎಸ್ಸಿ. ಮಾಡಲು ಸಾಧ್ಯವೇ?"

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಧ್ಯ. ಆದರೆ ಒಬ್ಬರಿಂದಲೇ ಸಾಧ್ಯವಿಲ್ಲ. ಈ ಎರಡನೆಯ ಮಾತನ್ನು ವಿವರಿಸುವುದೇ ನನ್ನ ಇಂದಿನ ಉದ್ದೇಶ. ಆದ್ದರಿಂದ ಈ ಭಾಷಣವು ಓದಬಯಸುವ ಯುವಕ ಯುವತಿಯರಿಗೆ ಎಷ್ಟೋ ಅಷ್ಟೇ ಅವರ ತಂದೆತಾಯಿಯರಿಗೆ, ಅತ್ತೆ ಮಾವಂದಿರಿಗೆ, ಅವರಿಗೆ ಕೆಲಸ ಕೊಟ್ಟಿರುವ ಮಾಲೀಕರಿಗೆ ಉದ್ದೇಶಿತವಾದುದು.

ನಾನು ಗಣಿತದ ಅಧ್ಯಾಪಕಿಯಲ್ಲ. ನನ್ನ ವಿಷಯ ಕನ್ನಡ. ಶಿಕ್ಷಕಿಯಾಗಿ ಸೇರಿದ ಮೇಲೆ ಅಂಚೆ ಮತ್ತು ತೆರಪಿನ ಶಿಕ್ಷಣದ ಮೂಲಕ ಎಂ.ಎ. ಪದವಿ ಪಡೆದವಳು. ಇಲ್ಲಿ ಗಣಿತದ ಬಗೆಗೆ ಹೇಳುವ ಸಂಗತಿಗಳನ್ನು ನಮ್ಮ ಶಾಲೆಯ ಗಣಿತ ಅಧ್ಯಾಪಕರ ಮುಂದಿಟ್ಟು ತಿದ್ದಿಸಿಕೊಂಡು ಬಂದಿದ್ದೇನೆ.

ಅನ್ವಯಿಕ ಗಣಿತವೆಂದರೇನು? ನಮ್ಮ ಭಾಷೆಗೆ ಇದು ಹೊಸ ಮಾತಲ್ಲ. ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದವರಲ್ಲಿ ಮೊದಲಿಗನೆಂದು ಹೆಸರಾದ 12ನೇ ಶತಮಾನದ ರಾಜಾದಿತ್ಯನು ತನ್ನ ಕೃತಿಗೆ ಇಟ್ಟ ಹೆಸರು 'ವ್ಯವಹಾರಗಣಿತ'. ಅಳತೆ, ಕೊಳ್ಳುವಿಕೆ, ಮಾರುವಿಕೆ, ಬಡ್ಡಿ ಇವೆಲ್ಲ ಆ ಕಾಲದ ವ್ಯವಹಾರ. ನಮ್ಮ ಕಾಲದ ವ್ಯವಹಾರ ಬೇರೆಯಾಗಿದೆ, ಅದಕ್ಕೆ ಬೇಕಾದ ಗಣಿತವೂ ಬೆಳೆದಿದೆ. ನಮ್ಮ ಎರಡು ಜಿಲ್ಲೆಗಳಿಂದಲೇ ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ಮಗ್ಗ. ನಮ್ಮ ಮಕ್ಕಳಲ್ಲಿ ಅನೇಕರು ನೇಯ್ಗೆಯ ಮನೆತನಗಳಿಂದ ಬಂದವರು. ಸ್ಯಾಟಿನ್ ನೇಯ್ಗೆಯಲ್ಲಿ ಹೊಕ್ಕಿನ ಪ್ರತಿಯೊಂದು ಎಳೆಯೂ ಹಾಸಿನ ಯಾವ ಎಳೆಯೊಡನೆ ಹೆಣೆದುಕೊಳ್ಳಬೇಕೆಂಬುದಕ್ಕೆ ಒಂದು ನಿಯಮವಿದೆ. ಐದು ಎಳೆಗಳ ಸ್ಯಾಟಿನ್‌ನಲ್ಲಿ ಎರಡೆರಡು ಎಳೆ ಮುಂದಕ್ಕೆ ಸರಿದರೆ 1, 3, 5, 2, 4 ಎಂದು ಎಲ್ಲ ಎಳೆಗಳೂ ಒಮ್ಮೊಮ್ಮೆ ಬರುತ್ತವೆ. ಎಂಟು ಎಳೆಗಳಲ್ಲಿ ಮೂರು ಮೂರು ಸರಿದರೆ 1, 4, 7, 2, 5, 8, 3, 6. ಆದರೆ ಆರು ಎಳೆಗಳಲ್ಲಿ? ಎರಡೆರಡು ಸರಿದರೆ 1, 3, 5 ಮುಗಿದು ಮತ್ತೆ ಒಂದಕ್ಕೇ ಬರುತ್ತೇವೆ. ಮೂರು ಮೂರು ಸರಿದರೆ 1, 4 ಆಗಿ ನಿಲ್ಲುತ್ತದೆ. ನಾಲ್ಕು ನಾಲ್ಕಾದರೂ ಅದೇ ಪಾಡು. ಒಂದೊಂದೇ ಸರಿದರೆ ಅಥವಾ ಐದೈದು ಸರಿದರೆ ಎಲ್ಲ ಎಳೆಗಳೂ ಬರುತ್ತವೆ ನಿಜ, ಆದರೆ ಅದು ಓರೆಗೆರೆಯ ಟ್ವಿಲ್ ನೇಯ್ಗೆಯಾಗುತ್ತದೆ, ಸ್ಯಾಟಿನ್ ಆಗುವುದಿಲ್ಲ. ಆರು ಎಳೆಗಳ ಕ್ರಮಬದ್ಧ ಸ್ಯಾಟಿನ್ ಇಲ್ಲವೆಂಬುದು ಮಗ್ಗದ ಮೇಲೆ ಕುಳಿತವರಿಗೆ ಅನುಭವದಿಂದ ಗೊತ್ತು. ಏಕೆ ಇಲ್ಲ ಎಂಬುದಕ್ಕೆ ಉತ್ತರ ಸಂಖ್ಯಾಸಿದ್ಧಾಂತದಲ್ಲಿದೆ: ಎಳೆಗಳ ಸಂಖ್ಯೆಗೂ ಸರಿಯುವ ಹೆಜ್ಜೆಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. 1980ರಲ್ಲಿ ಗ್ರುನ್‌ಬಾಮ್ ಮತ್ತು ಶೆಫರ್ಡ್ ಎಂಬ ಇಬ್ಬರು ಗಣಿತಜ್ಞರು ಸ್ಯಾಟಿನ್ ಮತ್ತು ಟ್ವಿಲ್ ನೇಯ್ಗೆಗಳ ಜ್ಯಾಮಿತಿಯನ್ನು ಕುರಿತು ಲೇಖನ ಬರೆದ ಮೇಲೆ ಇದು ಗಣಿತಜ್ಞರಲ್ಲಿ ಚರ್ಚೆಯ ವಿಷಯವಾಯಿತು. ನಮ್ಮ ಅಜ್ಜಂದಿರ ಕೈಯಲ್ಲಿದ್ದುದೇ ಅವರ ಕಾಗದದ ಮೇಲೆ ಬಂದಿತು.

ಎರಡನೆಯದು ಗಾಳಿ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ಪಲ್ಲಡಂ, ಉಡುಮಲೈ ಕಡೆಯ ಬಯಲುಗಳಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವುದನ್ನು ತಾವೆಲ್ಲರೂ ಬಸ್ಸಿನಿಂದ ನೋಡಿದ್ದೀರಿ. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ಒಂದು ಸ್ಥಳದಲ್ಲಿ ಗಾಳಿ ಸದಾ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬೀಸುತ್ತದೆ ಎಂದುಕೊಳ್ಳೋಣ. 6ರ ಘನ 216. ಇನ್ನೊಂದು ಸ್ಥಳದಲ್ಲಿ ಅರ್ಧ ಹೊತ್ತು 4, ಇನ್ನರ್ಧ ಹೊತ್ತು 8 ಮೀಟರ್. ಸರಾಸರಿ ವೇಗ ಇಲ್ಲಿಯೂ 6. ಆದರೆ 4ರ ಘನ 64, 8ರ ಘನ 512, ಇವೆರಡರ ಸರಾಸರಿ 288. ಸರಾಸರಿ ವೇಗ ಒಂದೇ ಆಗಿದ್ದರೂ ಗಾಳಿಯ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಹೆಚ್ಚು! ಕೇವಲ ಸರಾಸರಿಯನ್ನು ನಂಬಿ ಯಂತ್ರ ನಿಲ್ಲಿಸುವವನು ಮೋಸಹೋಗುತ್ತಾನೆ. ವೇಗದ ಏರಿಳಿತಗಳನ್ನು ಸಂಭವನೀಯತೆಯ ಭಾಷೆಯಲ್ಲಿ ಹಿಡಿಯುವುದು ಎಂ.ಎಸ್ಸಿ. ತರಗತಿಯ ಪಾಠ.

ಮೂರನೆಯದು ತಿರುಪ್ಪೂರಿನ ಕತ್ತರಿಸುವ ಮೇಜು. ಬಟ್ಟೆಯ ಮೇಲೆ ತೋಳು, ಬೆನ್ನು, ಕೊರಳಪಟ್ಟಿಗಳ ಆಕಾರಗಳನ್ನು ಹೇಗೆ ಹೊಂದಿಸಿದರೆ ಚೂರು ಕಡಿಮೆ ವ್ಯರ್ಥವಾಗುತ್ತದೆ? ಯಾವ ಯಂತ್ರಕ್ಕೆ ಯಾವ ಕೆಲಸ ಕೊಟ್ಟರೆ ಹಡಗು ಹೊರಡುವ ದಿನಕ್ಕೆ ಸರಕು ಸಿದ್ಧವಾಗುತ್ತದೆ? ಇಂತಹದೇ ಪ್ರಶ್ನೆಯನ್ನು ಲೆನಿನ್‌ಗ್ರಾಡಿನ ಪ್ಲೈವುಡ್ ಉದ್ಯಮದವರು ಕಾಂಟೊರೊವಿಚ್ ಎಂಬ ಯುವ ಗಣಿತಜ್ಞರ ಮುಂದಿಟ್ಟರು. ಅದಕ್ಕೆ ಉತ್ತರವಾಗಿ 1939ರಲ್ಲಿ ಅವರು ಬರೆದ ಕಿರುಹೊತ್ತಗೆಯಿಂದ ರೇಖೀಯ ಯೋಜನೆ ಎಂಬ ಗಣಿತಶಾಖೆಯು ಮೊಳೆಯಿತು. 1975ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಪ್ರಶ್ನೆ ಕಾರ್ಖಾನೆಯಿಂದ ಬಂದಿತ್ತೆಂಬುದನ್ನು ಗಮನಿಸಬೇಕು. ದುಡಿಯುತ್ತ ಓದುವವನಿಗೆ ಪೂರ್ಣಾವಧಿ ವಿದ್ಯಾರ್ಥಿಗಿಲ್ಲದ ಅನುಕೂಲವೊಂದಿದೆ: ಪುಸ್ತಕದಲ್ಲಿರುವ ಸಮಸ್ಯೆಯನ್ನು ಅವನು ಹಗಲಿನಲ್ಲಿ ಕಣ್ಣಾರೆ ಕಂಡಿರುತ್ತಾನೆ.

ಇನ್ನು, ಉದ್ಯೋಗದಲ್ಲಿದ್ದುಕೊಂಡು ಗಣಿತ ಸಾಧಿಸಿದವರು ಇದ್ದಾರೆಯೇ ಎಂದರೆ, ನಮ್ಮ ದೇಶದ ಗಣಿತದ ಸಂಸ್ಥೆಯೇ ಹಾಗೆ ಹುಟ್ಟಿದ್ದು. 1907ರಲ್ಲಿ ಭಾರತೀಯ ಗಣಿತ ಸಂಘಕ್ಕೆ ಅಡಿಗಲ್ಲಿಟ್ಟ ವಿ. ರಾಮಸ್ವಾಮಿ ಅಯ್ಯರ್ ಅವರು ಮದರಾಸು ಪ್ರಾಂತದ ಸರ್ಕಾರಿ ಸೇವೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು. ಶ್ರೀನಿವಾಸ ರಾಮಾನುಜನ್ ಅವರ ಹೆಸರನ್ನು ಎಲ್ಲರೂ ಬಲ್ಲಿರಿ. ಅವರು ಹುಟ್ಟಿದ್ದು 1887ರಲ್ಲಿ, ಅಂದು ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಈರೋಡಿನಲ್ಲಿ. 1912ರ ಮಾರ್ಚಿಯಲ್ಲಿ ಅವರು ಮದರಾಸು ಬಂದರು ಮಂಡಳಿಯಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅವರ ಪ್ರತಿಭೆ ಅಸಾಮಾನ್ಯ. ಅದನ್ನು ಯಾರಿಗೂ ಮಾದರಿಯಾಗಿ ತೋರಿಸಲಾಗದು. ನಾನು ತೋರಿಸಬಯಸುವುದು ಆ ಕಚೇರಿಯನ್ನು. ಅಲ್ಲಿನ ಹಿರಿಯ ಅಧಿಕಾರಿ ಎಸ್. ನಾರಾಯಣ ಅಯ್ಯರ್ ತಾವೂ ಗಣಿತ ಬಲ್ಲವರು; ಈ ಗುಮಾಸ್ತನೊಡನೆ ಕುಳಿತು ಲೆಕ್ಕ ಮಾಡಿದರು. ಮಂಡಳಿಯ ಮುಖ್ಯಸ್ಥರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗಾಗಿ ಮೇಲಿನವರೊಡನೆ ಮಾತನಾಡಿದರು. 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನ ಕೊಟ್ಟಿತು. ಪ್ರತಿಭೆ ರಾಮಾನುಜನ್ ಅವರದು. ಬಿಡುವನ್ನು ಕೊಟ್ಟವರು ಬೇರೆಯವರು.

ನಮ್ಮಂತಹ ಸಾಮಾನ್ಯರ ಸ್ಥಿತಿಗೆ ಇನ್ನೂ ಹತ್ತಿರವಾದ ಉದಾಹರಣೆ ಐರ್ಲೆಂಡಿನದು. ವಿಲಿಯಂ ಗಾಸೆಟ್ ಎಂಬವರು 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ನೌಕರಿಗೆ ಸೇರಿದರು. ಬಾರ್ಲಿಯ ಗುಣವನ್ನು ಕೆಲವೇ ಮಾದರಿಗಳಿಂದ ನಿರ್ಣಯಿಸುವುದು ಹೇಗೆ ಎಂಬುದು ಅವರ ನಿತ್ಯದ ತೊಡಕು. ಅಂದಿನ ಸಂಖ್ಯಾಶಾಸ್ತ್ರವು ನೂರಾರು ಮಾದರಿಗಳನ್ನು ಬಯಸುತ್ತಿತ್ತು. ಆಗ ಸಂಸ್ಥೆಯು ಅವರನ್ನು 1906ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಕಾರ್ಲ್ ಪಿಯರ್ಸನ್ ಅವರ ಬಳಿ ಅಧ್ಯಯನಕ್ಕೆ ಕಳುಹಿಸಿತು. 1908ರಲ್ಲಿ ಅವರು ಪ್ರಕಟಿಸಿದ ಲೇಖನವೇ ಇಂದು ಗಿರಣಿಗಳ ಗುಣಮಟ್ಟ ವಿಭಾಗಗಳಲ್ಲಿ ಬಳಕೆಯಾಗುವ 'ಟಿ ಪರೀಕ್ಷೆ'ಗೆ ಮೂಲ. ಸಂಸ್ಥೆಯ ನಿಯಮದ ಕಾರಣ ಅವರು ತಮ್ಮ ಹೆಸರು ಹಾಕದೆ 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ, ಎಂದು ಸಹಿ ಮಾಡಿದರು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಕಾರ್ಖಾನೆಗಳ ಒಡೆಯರಾಗಿರುವವರು ಈ ಸಭೆಯಲ್ಲಿದ್ದಾರೆ. ಒಬ್ಬ ನೌಕರನಿಗೆ ಒಂದು ವರ್ಷ ಓದಲು ಬಿಟ್ಟುಕೊಟ್ಟದ್ದರಿಂದ ಆ ಸಂಸ್ಥೆಗೆ ನಷ್ಟವಾಯಿತೇ, ಲಾಭವಾಯಿತೇ ಎಂಬುದನ್ನು ಅವರೇ ವಿಚಾರ ಮಾಡಲಿ.

ಈಗ ಓದಬಯಸುವವರ ಪಾಲಿನ ಲೆಕ್ಕ. ನಾನು ಎಂ.ಎ. ಓದುವಾಗ ದಣಿದ ರಾತ್ರಿಗಳಲ್ಲಿಯೂ ಒಂದು ಕಾವ್ಯಭಾಗವನ್ನು ಓದಿ ಮಲಗಬಹುದಾಗಿತ್ತು. ಅರ್ಧ ಅರ್ಥವಾದರೂ ಉಳಿದರ್ಧ ಬೆಳಗಿನ ಹೊತ್ತಿಗೆ ಮನಸ್ಸಿನಲ್ಲಿ ಮೂಡುತ್ತಿತ್ತು. ಗಣಿತಕ್ಕೆ ಆ ಕರುಣೆಯಿಲ್ಲ. ನೈಜ ವಿಶ್ಲೇಷಣೆ, ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳು, ಸಂಖ್ಯಾತ್ಮಕ ವಿಧಾನಗಳು, ಸಂಭವನೀಯತೆ ಇವೆಲ್ಲ ಸರಪಳಿಯ ಕೊಂಡಿಗಳಂತೆ. ನಿನ್ನೆಯ ಪ್ರಮೇಯ ಕೈವಶವಾಗದೆ ಇಂದಿನದು ತೆರೆದುಕೊಳ್ಳುವುದಿಲ್ಲ. ಓದಿದರೆ ಸಾಲದು, ಕಾಗದದ ಮೇಲೆ ಮಾಡಬೇಕು. ಆದುದರಿಂದ ಪರೀಕ್ಷೆಗೆ ಮುಂಚಿನ ಒಂದು ತಿಂಗಳಲ್ಲಿ ಮುಗಿಸುವೆನೆಂಬ ಯೋಚನೆ ಇಲ್ಲಿ ನಡೆಯದು.

ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ ಎಂದಿಟ್ಟುಕೊಳ್ಳಿ. ವಾರಕ್ಕೆ 9 ಗಂಟೆ, ವರ್ಷದ 50 ವಾರಗಳಿಗೆ 450 ಗಂಟೆ, ಎರಡು ವರ್ಷಕ್ಕೆ 900 ಗಂಟೆ. ಹದಿನಾರು ಪತ್ರಿಕೆಗಳಿದ್ದರೆ ಒಂದೊಂದಕ್ಕೆ ಸುಮಾರು 56 ಗಂಟೆ. ಕೆಲಸ ಮಾಡುವವರಿಗೆ ಇದು ಸಾಲದೆಂದು ನಮ್ಮ ಗಣಿತ ಅಧ್ಯಾಪಕರ ಅಭಿಪ್ರಾಯ. ಅದೇ ಓದನ್ನು ಮೂರು ವರ್ಷಕ್ಕೆ ಹರಡಿದರೆ ಒಟ್ಟು 1350 ಗಂಟೆ, ಪತ್ರಿಕೆಗೆ 84 ಗಂಟೆ. ಆದ್ದರಿಂದ ನನ್ನ ಸಲಹೆ: ವಿಶ್ವವಿದ್ಯಾನಿಲಯದ ನಿಯಮ ಒಪ್ಪುವುದಾದರೆ ಮೂರು ವರ್ಷ ತೆಗೆದುಕೊಳ್ಳಿ. ನೆರೆಮನೆಯವರು ಎರಡರಲ್ಲಿ ಮುಗಿಸಿದರೆಂದು ಮನೆಯವರು ಅವಸರಪಡಿಸಬಾರದು. ಭಾನುವಾರವೊಂದರಲ್ಲೇ ಒಂಬತ್ತು ಗಂಟೆ ಕೂರುವುದಕ್ಕೂ ದಿನವೂ ಒಂದೂವರೆ ಗಂಟೆ ಕೂರುವುದಕ್ಕೂ ಮೊತ್ತ ಒಂದೇ ಆಗಬಹುದು. ಆದರೆ ಸೋಮವಾರದಿಂದ ಶನಿವಾರದವರೆಗೆ ಮರೆತದ್ದನ್ನು ನೆನಪಿಸಿಕೊಳ್ಳುವುದರಲ್ಲೇ ಭಾನುವಾರದ ಬೆಳಗು ಕಳೆದುಹೋಗುತ್ತದೆ.

ಎಲ್ಲಿ ಓದುವುದು? ನಮ್ಮ ಊರು ಈ ವಿಷಯದಲ್ಲಿ ಭಾಗ್ಯಶಾಲಿ. 1951ರಲ್ಲಿ ಸ್ಥಾಪಿತವಾದ ಪಿ.ಎಸ್.ಜಿ. ತಂತ್ರಜ್ಞಾನ ಕಾಲೇಜಿನಲ್ಲಿ ಅನ್ವಯಿಕ ಗಣಿತಕ್ಕೆಂದೇ ವಿಭಾಗವಿದೆ. 1982ರಿಂದ ಭಾರತಿಯಾರ್ ವಿಶ್ವವಿದ್ಯಾನಿಲಯವಿದೆ. ನೂಲು, ನೇಯ್ಗೆಗಳ ಸಂಶೋಧನೆಗೆ 1956ರಲ್ಲಿ ಹುಟ್ಟಿದ 'ಸಿಟ್ರಾ' ಸಂಸ್ಥೆಯಿದೆ. ಹಗಲಿನ ತರಗತಿಗೆ ಹೋಗಲಾಗದವರಿಗೆ 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಗಣಿತವನ್ನೂ ಗಣಕವಿಜ್ಞಾನದಲ್ಲಿ ಅದರ ಅನ್ವಯಗಳನ್ನೂ ಸೇರಿಸಿ ಎಂ.ಎಸ್ಸಿ. ಪಠ್ಯಕ್ರಮವನ್ನು ರೂಪಿಸಿದೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಯಾರು ಬೇಕಾದರೂ ಹಣ ತೆರದೆ ಕೇಳಬಹುದು. ಪದವಿಗೆ ಹೆಸರು ನೋಂದಾಯಿಸುವ ಮುನ್ನ ಅಂತಹ ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡುವುದು ಒಳ್ಳೆಯದು. ಹನ್ನೆರಡು ವಾರ ಬಿಡದೆ ಕುಳಿತವನಿಗೆ ಮೂರು ವರ್ಷ ಕೂರಬಲ್ಲೆನೇ ಎಂಬುದು ತಾನಾಗಿ ತಿಳಿಯುತ್ತದೆ.

ಒಂದು ಎಚ್ಚರಿಕೆ. ದೂರಶಿಕ್ಷಣದ ಜಾಹೀರಾತುಗಳು ಬಹಳ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ದೂರಶಿಕ್ಷಣ ವಿಭಾಗವು ಆ ಸಂಸ್ಥೆಯ ಆ ಪಠ್ಯಕ್ರಮಕ್ಕೆ ಆ ವರ್ಷದಲ್ಲಿ ಮಾನ್ಯತೆ ಕೊಟ್ಟಿದೆಯೇ ಎಂದು ನೋಡಿಯೇ ಹಣ ಕಟ್ಟಿರಿ. ಮಾನ್ಯತೆಯಿದ್ದರೆ ಅಂತಹ ಪದವಿಯು ಕಾಲೇಜಿನಲ್ಲಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರಲ್ಲಿ ಸ್ಪಷ್ಟಪಡಿಸಿದೆ.

ಪೋಷಕರು ನನ್ನನ್ನು ಕೇಳುವ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಲೇಬೇಕು. "ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಗ್ಲಿಷಿನಲ್ಲಿರುವ ಆ ದೊಡ್ಡ ಗಣಿತವನ್ನು ಹೇಗೆ ಓದೀತು?" ನಮ್ಮ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು ಆಡುತ್ತದೆ. ಪದಗಳು ಬದಲಾಗುವುದರಿಂದ ಮೊದಲ ವರ್ಷ ಕಷ್ಟವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಭಿನ್ನರಾಶಿಯೆಂದರೇನು, ಒಂದು ಹೇಳಿಕೆಯನ್ನು ಸಾಧಿಸುವುದೆಂದರೇನು, 'ಆದರೆ' ಮತ್ತು 'ಆದ್ದರಿಂದ' ಎಂಬ ಮಾತುಗಳ ನಡುವಿನ ಅಂತರವೇನು ಎಂಬುದನ್ನು ಮಗು ತನ್ನ ಮಾತಿನಲ್ಲಿ ಒಮ್ಮೆ ಅರಿತರೆ, ಹೆಸರು ಬದಲಾದರೂ ಅರಿವು ಬದಲಾಗುವುದಿಲ್ಲ. ಅರಿಯದೆ ಬಾಯಿಪಾಠ ಮಾಡಿದ ಇಂಗ್ಲಿಷ್ ಸೂತ್ರವು ಎಂ.ಎಸ್ಸಿ.ಯ ಮೊದಲ ಪ್ರಮೇಯದಲ್ಲಿಯೇ ಕೈಕೊಡುತ್ತದೆ. ಅನುವಾದದ ಹೊರೆ ಮೂರು ತಿಂಗಳದ್ದು, ತಿಳಿವಳಿಕೆಯ ಕೊರತೆ ಮೂವತ್ತು ವರ್ಷಗಳದ್ದು. ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ ಈ ಮಾತನ್ನು ನಾನು ಶಾಲೆಯ ಮೇಲಿನ ಅಭಿಮಾನದಿಂದಷ್ಟೇ ಹೇಳುತ್ತಿಲ್ಲ. ಇಲ್ಲಿ ಓದಿ ಇಂದು ಸಾಂಖ್ಯಿಕ ಲೆಕ್ಕಗಳಿಂದಲೇ ಜೀವನ ನಡೆಸುತ್ತಿರುವವರು ನಿಮ್ಮ ಅಕ್ಕಪಕ್ಕದಲ್ಲಿಯೇ ಕುಳಿತಿದ್ದಾರೆ, ಅವರನ್ನೇ ಕೇಳಿ ನೋಡಿ.

ಕೊನೆಯದಾಗಿ ಮನೆಯವರಿಗೆ. ದಿನದ ಆ ಒಂದೂವರೆ ಗಂಟೆ ಎಲ್ಲಿಂದ ಬರಬೇಕು? ಮಗನು ಓದುತ್ತೇನೆಂದರೆ ಮನೆಯಲ್ಲಿ ದೂರದರ್ಶನದ ಸದ್ದು ಕಡಿಮೆಯಾಗುತ್ತದೆ. ಮಗಳು ಅಥವಾ ಸೊಸೆ ಓದುತ್ತೇನೆಂದರೆ, "ಅಡುಗೆ ಮುಗಿದ ಮೇಲೆ ಓದಿಕೊಳ್ಳಲಿ" ಎಂಬ ಉತ್ತರ ಬರುತ್ತದೆ. ತಿರುಪ್ಪೂರಿನಿಂದ ಏಳೂವರೆಗೆ ಬಸ್ಸಿಳಿದು, ಅಡುಗೆ ಮಾಡಿ, ಮಕ್ಕಳ ಮನೆಪಾಠ ನೋಡಿ, ಪಾತ್ರೆ ತೊಳೆದು ಹತ್ತೂವರೆಗೆ ಪುಸ್ತಕ ತೆರೆಯುವವಳ ಮುಂದೆ ಪ್ರಮೇಯಗಳು ತೆರೆದುಕೊಳ್ಳುವುದಿಲ್ಲ. ಅವಳಿಗೆ ಬುದ್ಧಿ ಕಡಿಮೆಯೆಂದು ಅಲ್ಲ. ಮನೆಯು ತಾನು ಕೊಡಬೇಕಾದ ಗಂಟೆಯನ್ನು ಕೊಡಲಿಲ್ಲವೆಂದು. ಈ ಶಾಲೆಯ ಹತ್ತನೆಯ ತರಗತಿಯ ಗಣಿತದಲ್ಲಿ ಒಳ್ಳೆಯ ಅಂಕ ತೆಗೆಯುತ್ತಿರುವವರಲ್ಲಿ ಹೆಣ್ಣುಮಕ್ಕಳು ಬಹಳ. ಆ ಅಂಕಗಳು ಮದುವೆಯ ಪತ್ರಿಕೆಯಲ್ಲಿ ಒಂದು ಸಾಲಾಗಿ ಮುಗಿಯಬಾರದು ಎಂದು ತಮ್ಮನ್ನು ಪ್ರಾರ್ಥಿಸುತ್ತೇನೆ. ಓದಿದರೆ ಸಂಬಳ ಎಷ್ಟು ಏರುತ್ತದೆ ಎಂದು ಕೇಳುವುದು ತಪ್ಪಲ್ಲ, ಸಂಸಾರ ನಡೆಸುವವರು ಕೇಳಲೇಬೇಕು. ಆದರೆ ಆ ಪ್ರಶ್ನೆಯನ್ನು ಮಗನಿಗೂ ಸೊಸೆಗೂ ಒಂದೇ ಧ್ವನಿಯಲ್ಲಿ ಕೇಳಿರಿ.

ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಮನವಿಯಿದೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ, ಕಲ್ಲು ನೆಡಿಸುವ ಮಾತುಗಳು ನಡೆದಿವೆ. ಅವೂ ಆಗಲಿ. ಅದರೊಡನೆ ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ತರಗತಿಯ ಕೋಣೆಯನ್ನು ದುಡಿಯುತ್ತ ಓದುವ ಹಳೆಯ ವಿದ್ಯಾರ್ಥಿಗಳಿಗೆ ತೆರೆದಿಡಲು ಅನುಮತಿ ಕೊಡಬೇಕು. ಬೇಕಾಗಿರುವುದು ನಾಲ್ಕು ದೀಪ, ಒಂದು ಕಪ್ಪುಹಲಗೆ, ಒಂದು ಅಂತರ್ಜಾಲ ಸಂಪರ್ಕ, ಕುಡಿಯುವ ನೀರು. ಹೆಣ್ಣುಮಕ್ಕಳು ಬಂದುಹೋಗಲು ಅನುಕೂಲವಾಗುವಂತೆ ಬೀದಿದೀಪವೂ ಕಾವಲುಗಾರನೂ ಇರಬೇಕು. ಕೋಣೆಯ ಕೀಲಿಯ ಹೊಣೆ ನನ್ನದು. ವಾರಕ್ಕೊಂದು ಸಂಜೆ ಬಂದು ಕೂರಲು ನಮ್ಮ ಗಣಿತ ಅಧ್ಯಾಪಕರು ಒಪ್ಪಿದ್ದಾರೆ. ಕಾರ್ಖಾನೆಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ: ತಮ್ಮಲ್ಲಿ ಕೆಲಸ ಮಾಡುತ್ತ ಓದುತ್ತಿರುವವರಿಗೆ ಪರೀಕ್ಷೆಯ ದಿನಗಳಲ್ಲಿ ಸಂಬಳ ಸಹಿತ ರಜೆಯನ್ನು, ವಾರದಲ್ಲಿ ಮೂರು ದಿನ ಒಂದು ಗಂಟೆ ಮುಂಚೆ ಮನೆಗೆ ಹೋಗುವ ಅವಕಾಶವನ್ನು ಕೊಡಿರಿ.

ಈ ಶಾಲೆಯನ್ನು ಕಟ್ಟಿದವರು ತಮ್ಮ ಮಕ್ಕಳು ಹಗಲಿನಲ್ಲಿ ಮಗ್ಗದ ಬಳಿ ಕೂರದೆ ಬೆಂಚಿನ ಮೇಲೆ ಕೂರಲೆಂದು ದುಡಿಯುವ ಕೈಗಳನ್ನು ಬಿಟ್ಟುಕೊಟ್ಟವರು. ಆ ದಿನಗಳಲ್ಲಿ ಒಂದು ಮಗುವಿನ ಹಗಲನ್ನು ಬಿಟ್ಟುಕೊಡುವುದು ಮನೆಗೆ ಸಣ್ಣ ನಷ್ಟವಾಗಿರಲಿಲ್ಲ. ಇಂದು ನಾನು ಕೇಳುತ್ತಿರುವುದು ದಿನಕ್ಕೆ ಒಂದೂವರೆ ಗಂಟೆಯನ್ನು ಮಾತ್ರ.

ಕೋಣೆಯ ವಿಷಯವಾಗಿ ಮಾತನಾಡಬೇಕೆನ್ನುವವರು ಸಭೆ ಮುಗಿದ ಮೇಲೆ ನನ್ನನ್ನು ಕಚೇರಿಯಲ್ಲಿ ಕಾಣಬಹುದು.